ನೋರ್ಬಣ್ಣನ ಹೆಸರನ್ನು ಅಮ್ಮನಿಗೆ ಹೇಳಿದವರು ಯಾರು?

ನಿಮ್ಮ ಮನೆಯವರ ಬಾಯಿಂದ, ಅವರಿಗೆ ಗೊತ್ತಿರಲು ಸಾಧ್ಯವೇ ಇಲ್ಲದ ಮಾತೊಂದು ಹೊರಬಿದ್ದು ನೀವು ಕೂತಲ್ಲೇ ಕೂತುಬಿಟ್ಟದ್ದು ಉಂಟಾ? ನನಗೆ ಆಗಿದೆ. ಅದಕ್ಕೆ ಮೊದಲು ಇಂಥ ಕತೆ ಯಾರಾದರೂ ಹಾಕಿದರೆ ಕೆಳಗೆ ನಗುವ ಮುಖ ಒತ್ತಿ ಹೋಗುತ್ತಿದ್ದವಳು ನಾನೇ. ನನ್ನ ಹಳೆಯ ಕಮೆಂಟುಗಳನ್ನು ಹುಡುಕಿ ತೆಗೆಯುವ ಕಷ್ಟ ನಿಮಗೆ ಬೇಡ, ನನಗೇ ನೆನಪಿದೆ.

ಕಾಪು ಪೇಟೆಯಲ್ಲಿ ನನ್ನದೊಂದು ಟೈಲರ್ ಅಂಗಡಿ. ಅಮ್ಮ ಪ್ರಾಯದಲ್ಲಿ ಬುಟ್ಟಿ ಹೊತ್ತು ಮೀನು ಮಾರಿದವಳು. ಈಗ ಮೊಣಕಾಲು ಮಾತು ಕೇಳುವುದಿಲ್ಲ. ಅಂಗಡಿಯ ಬೆಂಚಿನಲ್ಲಿ ಕೂತು, ದಾರಿಯಲ್ಲಿ ಹೋಗುವವರನ್ನೆಲ್ಲ ‘ವಣಸ್ ಆಂಡಾ?’ ಎಂದು, ಅಂದರೆ ಊಟ ಆಯಿತಾ ಎಂದು ಕೇಳುವುದೇ ಕೆಲಸ. ತುಳು ಬಿಟ್ಟರೆ ಬೇರೆ ಭಾಷೆ ಬಾರದು, ಓದುಬರಹವೂ ಇಲ್ಲ. ಬ್ಯಾಂಕಿನ ಮ್ಯಾನೇಜರ್ ಆಗಲಿ, ಮೊಮ್ಮಗನ ಪ್ರಾಯದ ಪೊಲೀಸ್ ಆಗಲಿ, ಗಂಡಸೆಂದರೆ ಅವಳಿಗೆ ಅಣ್ಣ.

ಡಿಸೆಂಬರ್ ಬಂತೆಂದರೆ ಮುಂಡಗೋಡಿನ ಟಿಬೆಟನ್ ಕ್ಯಾಂಪಿನಿಂದ ಡೊಲ್ಮಾ ಸ್ವೆಟರಿನ ಮೂಟೆ ಹೊತ್ತು ಬರುತ್ತಾಳೆ. ಈ ಬೆವರಿನ ಊರಲ್ಲಿ ಸ್ವೆಟರ್ ಯಾರಿಗೆ ಎಂದು ಮೊದಲು ನಾನೂ ನಕ್ಕಿದ್ದೆ. ಆದರೆ ಕಡಲಿಗೆ ಇಳಿಯುವ ಬೋಟಿನವರು ಉಣ್ಣೆಯ ಟೊಪ್ಪಿ, ಜಾಕೆಟುಗಳನ್ನು ಮುಗಿಬಿದ್ದು ಕೊಳ್ಳುತ್ತಾರೆ. ಜಿಪ್ ಕೆಟ್ಟದ್ದನ್ನು ಅವಳು ನನ್ನಲ್ಲಿಗೆ ತರುತ್ತಾಳೆ. ಹಾಗೆ ಸ್ನೇಹ.

ಕೆಲವು ವರ್ಷಗಳ ಹಿಂದೆ ಅವಳು ತನ್ನ ತಾಯಿಯನ್ನೂ ಜೊತೆಗೆ ಕರೆತಂದಳು. ಚಿಕ್ಕ ಹುಡುಗಿಯಾಗಿದ್ದಾಗ ಹಿಮದ ಬೆಟ್ಟ ದಾಟಿ ಓಡಿಬಂದ ಹೆಂಗಸು. ಕನ್ನಡದಲ್ಲಿ ಗೊತ್ತಿದ್ದದ್ದು ‘ಸಾಕು’ ಮತ್ತು ‘ನಿಲ್ಲಿಸಿ’, ಎರಡೇ.

ಆ ಭಾನುವಾರ ಮಣಿಪಾಲದಲ್ಲಿ ಕೆಲವು ವಿದ್ಯಾರ್ಥಿಗಳು ಟಿಬೆಟಿನವರಿಗಾಗಿ ಒಂದು ಸಭೆ ಇಟ್ಟಿದ್ದರು. ಘೋಷಣೆ ಇಲ್ಲ, ಭಾಷಣ ಇಲ್ಲ. ಒಂದೊಂದು ಮನೆಯವರು ಎದ್ದು, ಟಿಬೆಟಿನಲ್ಲೇ ಉಳಿದುಹೋದ ತಮ್ಮವರಲ್ಲಿ ಒಬ್ಬರ ಹೆಸರು ಹೇಳಿ ದೀಪ ಹಚ್ಚುವುದು. ಬರೀ ಹೆಸರು, ಊರು ಮನೆ ಏನೂ ಬೇಡ. ಅಲ್ಲಿದ್ದವರಿಗೆ ಇದರಿಂದ ತೊಂದರೆ ಆಗಬಾರದಲ್ಲ. ಇಲ್ಲಿಂದ ಫೋನ್ ಮಾಡಿದರೂ ಅಲ್ಲಿಯವರನ್ನು ಠಾಣೆಗೆ ಕರೆಸಿ ವಿಚಾರಿಸುತ್ತಾರೆ ಎಂದು ಡೊಲ್ಮಾ ಹೇಳುತ್ತಿದ್ದಳು.

ಅವಳ ಸಂಕಟ ಬೇರೆಯೇ ಇತ್ತು. “ಅಕ್ಕಾ, ನಮ್ಮವ್ವಗ ಒಬ್ಬ ತಮ್ಮ ಅದಾನ. ಹೆಸರು ಇವತ್ತಿನ ತನಕ ಹೇಳಿಲ್ಲ ನೋಡ್ರಿ. ಕೇಳಿದ್ರ ಎದ್ದು ಹೋಗ್ತಾಳ. ಎಲ್ಲಾರೂ ಹೆಸರು ಹೇಳೋವಾಗ ನಾ ಏನಂತ ದೀಪ ಹಚ್ಚಲಿ?”

ಅವರ ಕಡೆ ತೀರಿಹೋದವರ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲವಂತೆ. ತಮ್ಮ ಇದ್ದಾನೋ ಇಲ್ಲವೋ ಮುದುಕಿಗೆ ತಿಳಿಯದು. ಇದ್ದರೆ ಹೇಳಬಹುದು, ಇಲ್ಲದಿದ್ದರೆ ಹೇಳಬಾರದು. ಇವೆರಡರ ನಡುವೆ ಸಿಕ್ಕಿ ಜೀವಮಾನವಿಡೀ ಆ ಹೆಸರು ಗಂಟಲಲ್ಲೇ ಉಳಿದಿತ್ತು.

ಸಭೆಗೆ ಎರಡು ದಿನ ಮೊದಲು, ಶುಕ್ರವಾರ, ನಾನೂ ಡೊಲ್ಮಾಳೂ ಜಿಪ್ಪು, ನೂಲು ತರಲು ಬಸ್ಸಿನಲ್ಲಿ ಉಡುಪಿಗೆ ಹೋದೆವು. ತಾಯಂದಿರಿಬ್ಬರನ್ನು ಅಂಗಡಿಯಲ್ಲಿ ಬಿಟ್ಟು, ಪಕ್ಕದ ಚಪ್ಪಲಿ ಅಂಗಡಿಯ ಹಮೀದಣ್ಣನಿಗೆ ನೋಡಿಕೊಳ್ಳಲು ಹೇಳಿದೆ. ಬರುವಾಗ ನಾಲ್ಕು ಗಂಟೆ. ಇಬ್ಬರೂ ಬೆಂಚಿನಲ್ಲಿ ಕೈ ಹಿಡಿದುಕೊಂಡು ಕೂತಿದ್ದರು. ಅಮ್ಮನ ಕಣ್ಣು ಕೆಂಪಾಗಿತ್ತು.

“ಪಾಪ,” ಎಂದಳು ಅಮ್ಮ ತುಳುವಿನಲ್ಲಿ. “ತಮ್ಮನ ಕೈಗೆ ಹುರಿದ ಹಿಟ್ಟಿನ ಚೀಲ ಕೊಟ್ಟು, ಇಲ್ಲೇ ಕೂತಿರು, ಈಗ ಬರ್ತೇನೆ ಅಂತ ಹೇಳಿ ಬಂದದ್ದಂತೆ. ಆಮೇಲೆ ಹಿಂದೆ ಹೋಗ್ಲಿಕ್ಕೇ ಆಗ್ಲಿಲ್ಲ. ಆ ನೋರ್ಬಣ್ಣ ಎಷ್ಟು ಹೊತ್ತು ಕಾದನೋ ಏನೋ.”

ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಡೊಲ್ಮಾ ಕೈಯಲ್ಲಿದ್ದ ನೂಲಿನ ಪೊಟ್ಟಣ ಬೀಳಿಸಿದಳು. ತಾಯಿಯ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಏನೋ ಕೇಳಿದಳು. ಮುದುಕಿ ನಮ್ಮ ಒಬ್ಬೊಬ್ಬರದೇ ಮುಖ ನೋಡಿದರು. ಆಮೇಲೆ ನಗಲು ಶುರು ಮಾಡಿದರು. ನಗು ನಿಲ್ಲುವುದೇ ಇಲ್ಲ, ಕಣ್ಣೀರೂ ನಿಲ್ಲುವುದಿಲ್ಲ. ನಮ್ಮಮ್ಮನ ಹಣೆಗೆ ಹಣೆ ಒತ್ತಿ ಹಾಗೇ ಕೂತರು.

“ಹೌದಂತ,” ಎಂದಳು ಡೊಲ್ಮಾ. “ಮಾಮಾನ ಹೆಸರು ನೋರ್ಬು ಅಂತ. ಆದ್ರ ತಾನು ಹೇಳಿಲ್ಲಂತ ಅಕ್ಕಾ. ಒಂದು ಮಾತೂ ಆಡಿಲ್ಲಂತ.”

ನಾನು ಹಮೀದಣ್ಣನ ಹತ್ತಿರ ಓಡಿದೆ. ಅವರು ಗಲ್ಲ ಕೆರೆದುಕೊಂಡರು. “ಇಲ್ಲ ಮಾರಾಯ್ತಿ, ಮಾತಾಡ್ಲೇ ಇಲ್ಲ. ನಾನು ಎರಡು ಸಲ ಚಾ ಕೊಟ್ಟು ಬಂದೆ. ನಿಮ್ಮ ಅಮ್ಮ ಇಷ್ಟು ಹೊತ್ತು ಬಾಯಿ ಮುಚ್ಚಿ ಕೂತದ್ದು ನಾನು ನೋಡಿದ್ದೇ ಇಲ್ಲ. ಹುಷಾರಿಲ್ವಾ ಅಂತ ಗ್ರಹಿಸಿದೆ.”

ಅಮ್ಮನನ್ನು ಕೇಳಿದರೆ ಬೈಗುಳ. “ಅವಳು ಹೇಳಿದಳು, ನಾನು ಕೇಳಿದೆ. ಇದರಲ್ಲಿ ಎಂತ ಉಂಟು?”

ಭಾನುವಾರ ಸಂಜೆ ಮಣಿಪಾಲಕ್ಕೆ ರಿಕ್ಷಾ ಮಾಡಿಕೊಂಡು ಹೋದೆವು. ಹಮೀದಣ್ಣ ಅಂಗಡಿ ಮುಚ್ಚಿ ಡ್ರೈವರ್ ಪಕ್ಕ ತೂರಿಕೊಂಡು ಬಂದರು. ಡೊಲ್ಮಾಳ ಸರದಿ ಬಂದಾಗ ಮುದುಕಿ ಏಳಲಿಲ್ಲ, ಅಮ್ಮನನ್ನು ಮುಂದಕ್ಕೆ ದೂಡಿದರು. ತಾನು ಹೇಳುವಂತಿಲ್ಲ, ಬೇರೆಯವರು ಹೇಳಿದರೆ ತಪ್ಪಿಲ್ಲ ಎಂಬುದು ಅವರ ತೀರ್ಮಾನ. ಅಮ್ಮ ಮೈಕನ್ನು ಕೈಯಲ್ಲಿ ಹಿಡಿದಳು, ಆದರೆ ಅದು ಅವಳಿಗೆ ಬೇಕಾಗಿರಲಿಲ್ಲ. ಮೂರು ಕೇರಿ ದಾಟುವ ಮೀನು ಮಾರುವ ಗಂಟಲಲ್ಲಿ, ಬೆಟ್ಟದಾಚೆಗೆ ಕೇಳಬೇಕು ಎನ್ನುವ ಹಾಗೆ ಕರೆದಳು. “ಓ ನೋರ್ಬಣ್ಣಾ, ವಣಸ್ ಆಂಡಾ?”

ತುಳು ಗೊತ್ತಿದ್ದವರು ಮೊದಲು ನಕ್ಕರು. ಅರ್ಥ ಹೇಳಿದ ಮೇಲೆ ಉಳಿದವರೂ ನಕ್ಕರು, ಅತ್ತರು. ಕೆಂಪು ಬಟ್ಟೆಯ ಒಬ್ಬ ಸನ್ಯಾಸಿ ಮೂಗು ಒರೆಸಿಕೊಳ್ಳುತ್ತಿದ್ದರು. ಡೊಲ್ಮಾ ದೀಪ ಹಚ್ಚಿದಳು. ಅವಳ ತಾಯಿ ಚಪ್ಪಾಳೆ ತಟ್ಟಿದ್ದು ಎಷ್ಟೆಂದರೆ, ಕೊನೆಗೆ ಅವರಿಗೆ ಗೊತ್ತಿದ್ದ ಕನ್ನಡದಲ್ಲೇ ನಾನು “ಸಾಕು” ಎನ್ನಬೇಕಾಯಿತು.

ನಾನು ಇದನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿದ್ದೇನೆ. ನನ್ನ ಸೋದರಮಾವ ಕಡಲಿಗೆ ಹೋದವರು ಹಿಂದೆ ಬರಲಿಲ್ಲ. ಅವರನ್ನು ಸತ್ತವರೆಂದು ಒಪ್ಪಿ ಬೊಜ್ಜ, ಅಂದರೆ ಉತ್ತರಕ್ರಿಯೆ, ಮಾಡಲು ಅಮ್ಮ ಇವತ್ತಿಗೂ ಬಿಟ್ಟಿಲ್ಲ. ಹಾಗಾಗಿ ಆ ಹೆಂಗಸಿನ ಸಂಕಟ ಅವಳಿಗೆ ತಿಳಿದದ್ದು ನನಗೆ ಅರ್ಥವಾಗುತ್ತದೆ. ಆದರೆ ಹೆಸರು? ಹಿಟ್ಟಿನ ಚೀಲ? ಸ್ವಂತ ಮಗಳಿಗೇ ಗೊತ್ತಿರದದ್ದು?

ನೋರ್ಬುವಿನ ಸುದ್ದಿ ಇವತ್ತಿನವರೆಗೂ ಇಲ್ಲ. ಆದರೆ ಈಗ ಪ್ರತಿ ಡಿಸೆಂಬರಿನಲ್ಲಿ ಮುದುಕಿ ಬಸ್ಸಿಳಿಯುವಾಗಲೇ ದೂರದಿಂದ “ವಣಸ್ ಆಂಡಾ?” ಎಂದು ಕೂಗುತ್ತಾರೆ. ಅಮ್ಮ ನೋರ್ಬಣ್ಣನ ಹೆಸರು ಹೇಳಿ ಒಂದು ಲೋಟ ಚಾ ಹೆಚ್ಚು ತರಿಸುತ್ತಾಳೆ. ಅದನ್ನು ಹಮೀದಣ್ಣ ಕುಡಿಯುತ್ತಾರೆ.

ನಿಮಗೂ ಇಂಥದ್ದು ಆಗಿದ್ದರೆ ಕೆಳಗೆ ಬರೆಯಿರಿ, ನಾನು ನಗುವ ಮುಖ ಹಾಕುವುದಿಲ್ಲ. ಅಮ್ಮ ಆ ಹೆಸರನ್ನು ಎಲ್ಲೋ ಕೇಳಿರಬೇಕು ಎನ್ನುವವರೂ ಬರೆಯಿರಿ, ಎಲ್ಲಿ ಕೇಳಿದಳು ಎಂಬುದನ್ನೂ ಸೇರಿಸಿ. ನಿಮ್ಮ ಮನೆಯಲ್ಲೂ ಯಾರೂ ಎತ್ತದ ಹೆಸರೊಂದು ಇದ್ದರೆ ಅದನ್ನೂ ಹಾಕಿ. ಸಂಜೆ ಅಮ್ಮನಿಗೆ ಓದಿ ಹೇಳುತ್ತೇನೆ, ಊಟ ಆಯಿತಾ ಎಂದು ಅವಳು ಕೇಳಿಯೇ ಕೇಳುತ್ತಾಳೆ.