ವಾಸನೆ ಮೇಸ್ತ್ರಿಯ ಕಾರ್ಡು

ಮೂಳೆ ಬೇಯಿಸಿ ಅಂಟು ತೆಗೆಯುವ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ಇದ್ದೇನೆ. ಆರು ತಿಂಗಳಲ್ಲಿ ನಾತ ಅಭ್ಯಾಸವಾಗುತ್ತದೆ ಎಂದು ಮೊದಲ ದಿನ ಯಾರೋ ಹೇಳಿದ್ದರು. ಶುದ್ಧ ಸುಳ್ಳು. ಅದು ಕೂದಲಲ್ಲಿ, ಉಗುರಿನ ಸಂದಿಯಲ್ಲಿ, ಊಟದ ಡಬ್ಬಿಯ ಮುಚ್ಚಳದಲ್ಲಿ ಕೂತು ಮನೆಯವರೆಗೂ ಬರುತ್ತದೆ. ಆದರೂ ಸೋಪು ಹಾಕಿ ಉಜ್ಜಿದರೆ ಒಂದಿಷ್ಟು ಹೋಗುತ್ತದೆ. ನಾನು ಈಗ ಹೇಳುವ ಸಂಗತಿಗೆ ಇನ್ನೂ ಯಾವ ಸೋಪೂ ಸಿಕ್ಕಿಲ್ಲ.

ಆ ನಾತದ ನಡುವೆ ಮೂಗನ್ನೇ ನಂಬಿ ಬದುಕುತ್ತಿದ್ದ ಒಬ್ಬರಿದ್ದರು. ಕಾರ್ಖಾನೆಯ ಕಂಟ್ರೋಲ್ ಪ್ಯಾನೆಲ್ಲುಗಳನ್ನು ನೋಡಿಕೊಳ್ಳುವ ಮೇಸ್ತ್ರಿ. ಪ್ಯಾನೆಲ್ಲಿನ ಬಾಗಿಲು ತೆಗೆದವರೇ ಮೊದಲು ಮೂಗು ಒಡ್ಡುತ್ತಿದ್ದರು. "ಎರಡನೇ ರಿಲೇ ಸುಟ್ಟಿದೆ" ಎಂದರೆ ಎರಡನೆಯದೇ ಸುಟ್ಟಿರುತ್ತಿತ್ತು. ಮೀಟರ್ ಹಿಡಿಯುವುದು ಆಮೇಲೆ, ನಮ್ಮಂಥವರ ಸಮಾಧಾನಕ್ಕೆ. ಹಾಗಾಗಿ ಎಲ್ಲರ ಬಾಯಲ್ಲೂ ಅವರು ವಾಸನೆ ಮೇಸ್ತ್ರಿ. ಮದುವೆಯಾಗಿರಲಿಲ್ಲ. ಅಕ್ಕನ ಮನೆಯ ಮಹಡಿ ಕೋಣೆಯಲ್ಲಿ ಇದ್ದರು, ಊಟ ಕೆಳಗೆ ಅಕ್ಕ–ಭಾವನ ಜೊತೆ. ಭಾವನೂ ನಮ್ಮ ಕಾರ್ಖಾನೆಯವನೇ. ಮೂಳೆ ಬೇಯುವ ಹಂಡೆಗಳ ಮುಚ್ಚಳ ತೆಗೆಯುವ ತಂಡದ ಮುಂದಾಳು.

ಹಂಡೆ ಎಂದರೆ ಸಣ್ಣದಲ್ಲ, ಇಬ್ಬರು ಒಳಗೆ ನಿಲ್ಲುವಷ್ಟು ದೊಡ್ಡ ಉಕ್ಕಿನ ಪಾತ್ರೆ. ಸಾಲಾಗಿ ಆರು. ಆವಿ ನಿಲ್ಲಿಸಿದ ಮೇಲೆ ಒಳಗಿನ ಒತ್ತಡ ಇಳಿಯಬೇಕು, ಆಮೇಲೆ ಮುಚ್ಚಳದ ಬೀಗ ತಾನಾಗಿ ಬಿಡುತ್ತದೆ. ಈ ಬೀಗ ಕಾಯುತ್ತಿದ್ದದ್ದು ಮೂವತ್ತು ವರ್ಷ ಹಳೆಯ ಒಂದು ಕಂಟ್ರೋಲರ್. ಅದಕ್ಕೆ ಗೊತ್ತಿದ್ದದ್ದು ಒಂದೇ ಪಾಠ: ನಲವತ್ತು ನಿಮಿಷ ಎಣಿಸು, ಬೀಗ ಬಿಡು. ಒಳಗೆ ಒತ್ತಡ ಇಳಿದಿದೆಯೋ ಇಲ್ಲವೋ, ಅದಕ್ಕೆ ಏನೂ ಸಂಬಂಧವಿಲ್ಲ.

ಒಮ್ಮೆ ಕೊಬ್ಬು ಜಾಸ್ತಿಯಿದ್ದ ಮೂಳೆ ಬಂದಿತ್ತು. ನಲವತ್ತು ನಿಮಿಷಕ್ಕೆ ಬೀಗ ಬಿಟ್ಟಿತು, ಒಳಗಿನ ಆವಿ ಬಿಡಲಿಲ್ಲ. ಮುಚ್ಚಳ ಸಿಡಿದು ಕುದಿಯುವ ಅಂಟು ಭಾವನ ಬಲಗೈ ಮೇಲೆ ಬಿತ್ತು. ಮೂರು ತಿಂಗಳು ಆಸ್ಪತ್ರೆ. ಹೊರಗೆ ಬರುವಾಗ ಕಿರುಬೆರಳು, ಉಂಗುರಬೆರಳು ಒಂದಕ್ಕೊಂದು ಅಂಟಿಕೊಂಡು ಒಂದೇ ಆಗಿದ್ದವು. ಚರ್ಮ ಒಡೆಯದಿರಲು ದಿನಕ್ಕೆ ಮೂರು ಸಲ ಕರ್ಪೂರದ ಮುಲಾಮು ಹಚ್ಚಬೇಕು. ತಿಂಗಳಿಗೊಂದು ಟ್ಯೂಬು ತಂದುಕೊಡುವುದು ಮೇಸ್ತ್ರಿಯ ಕೆಲಸವಾಯಿತು. ವಿಚಾರಣೆಯ ಕಾಗದದಲ್ಲಿ 'ಟೈಮರ್ ಸರಿಯಾಗಿತ್ತು' ಎಂದು ಬರೆದು ಕಾರ್ಖಾನೆ ಕೈ ತೊಳೆದುಕೊಂಡಿತು.

ಆ ಸಾಲು ಮೇಸ್ತ್ರಿಗೆ ಮುಳ್ಳಿನಂತೆ ಚುಚ್ಚಿತು. ಟೈಮರನ್ನು ಸರಿಯಾಗಿಟ್ಟವರು ಅವರೇ ತಾನೆ?

"ಮೇಡಮ್ಮ, ಸರಿಯಾಗಿದ್ದೇ ಕೈ ಸುಡ್ತು ಅಂದ್ರೆ, ಆ ಸರಿಯನ್ನ ತಗೊಂಡು ಏನ್ ಮಾಡೋದು?" ಎಂದು ನನ್ನ ಹತ್ತಿರ ಎಷ್ಟು ಸಲ ಕೇಳಿದರೋ.

ಹಳೆಯ ಕಂಟ್ರೋಲರ್ ತೆಗೆದು ಹೊಸದು ಹಾಕಲು ಮ್ಯಾನೇಜರ್ ಒಪ್ಪಲಿಲ್ಲ. ಮೇಸ್ತ್ರಿ ಬೇರೆ ದಾರಿ ಹುಡುಕಿದರು. ಆ ಕಂಟ್ರೋಲರಿನ ಚೌಕಟ್ಟಿನಲ್ಲಿ ಒಂದು ಸ್ಥಾನ ಖಾಲಿ ಇತ್ತು. ಮೊದಲಿನಿಂದಲೂ ತಗಡು ಮುಚ್ಚಿಟ್ಟಿದ್ದರು. ಅಲ್ಲಿಗೆ ಕೂರುವ ಕೋಪ್ರೊಸೆಸರ್ ಮಾಡ್ಯೂಲ್ ಎಂಬ ಒಂದು ಕಾರ್ಡು ಇದೆ, ಅದಕ್ಕೆ ನಮಗೆ ಬೇಕಾದ ಪ್ರೋಗ್ರಾಮ್ ನಾವೇ ಬರೆಯಬಹುದು, ಹಳೆಯದಕ್ಕೆ ಬಾರದ ಲೆಕ್ಕ ಇದು ಮಾಡಿ ಉತ್ತರ ಹೇಳುತ್ತದೆ ಎಂದು ಎಲ್ಲಿಂದಲೋ ತಿಳಿದುಕೊಂಡು ಬಂದರು. ಮುದುಕನ ಪಕ್ಕದಲ್ಲಿ ಲೆಕ್ಕ ಬಲ್ಲ ಮೊಮ್ಮಗಳನ್ನು ಕೂರಿಸಿದ ಹಾಗೆ. ಮಹಡಿ ಕೋಣೆಯಲ್ಲಿ ಕೂತು, ಸಾಲುಗಳಿಗೆ ಹತ್ತು, ಇಪ್ಪತ್ತು, ಮೂವತ್ತು ಎಂದು ನಂಬರು ಕೊಟ್ಟು, ನೋಟ್‌ಬುಕ್ಕಿನಲ್ಲಿ ಬರೆದು ಹೊಡೆದು ಹಾಕಿ, ಒಂದೂವರೆ ವರ್ಷದಲ್ಲಿ ಪ್ರೋಗ್ರಾಮ್ ಮುಗಿಸಿದರು. ಕಾರ್ಡು ಪ್ರತಿ ಹಂಡೆಯ ಒತ್ತಡ, ಬಿಸಿ ಎರಡನ್ನೂ ಆವಿ ನಿಲ್ಲಿಸಿದ ಕ್ಷಣದಿಂದ ನೋಡುತ್ತಾ ಕೂರುತ್ತಿತ್ತು. ನಿಜವಾಗಿ ತಣಿದ ಮೇಲಷ್ಟೇ 'ಬಿಡು' ಎನ್ನುತ್ತಿತ್ತು. ಒಮ್ಮೆ ನಲವತ್ತೆರಡು ನಿಮಿಷ, ಒಮ್ಮೆ ಅರವತ್ತು.

ಒಂದು ಕಡೆ ಮಾತ್ರ ಎಡವಿದರು. ವಾಪಸ್ ಬರಲು ದಾರಿ ಇಟ್ಟುಕೊಳ್ಳದೆ ಏನನ್ನೂ ಬಿಚ್ಚಬಾರದು ಎಂಬುದು ಮೇಸ್ತ್ರಿಗಳ ಜಾತಿಗೇ ಅಂಟಿದ ಅಭ್ಯಾಸ. ಹೊಸ ಕಾರ್ಡು ಎಂದಾದರೂ ಮುನಿಸಿಕೊಂಡರೆ ಕೆಲಸ ನಿಲ್ಲಬಾರದೆಂದು ಹಳೆಯ ಕಂಟ್ರೋಲರಿಗೆ ಅವರೇ ಒಂದು ಸಾಲು ಸೇರಿಸಿದರು: ಕಾರ್ಡು ಐದು ಸೆಕೆಂಡು ಉತ್ತರ ಕೊಡದಿದ್ದರೆ ನಿನ್ನ ನಲವತ್ತು ನಿಮಿಷವೇ ನಡೆಯಲಿ.

ನಮ್ಮಲ್ಲಿ ಆರು ಹಂಡೆ ತೆರೆದರೆ ಆ ದಿನದ ಕೆಲಸ ಮುಗಿಯಿತು. ಒಂದು ತೆರೆದ ಮೇಲೆಯೇ ಮುಂದಿನದರ ಆವಿ ನಿಲ್ಲಿಸುವುದು. ಎರಡರ ಹೊತ್ತಿಗೆ ಮೂರು ತೆರೆದಿರುತ್ತವೆ. ಉಳಿದ ಮೂರಕ್ಕೆ ನಲವತ್ತು ನಿಮಿಷದ ಲೆಕ್ಕವಾದರೆ ನಾಲ್ಕು ಗಂಟೆಗೆ ಎಲ್ಲ ಮುಗಿದು, ನಾಲ್ಕು ಹತ್ತರ ಬಸ್ಸು ಸಿಗುತ್ತದೆ. ಕಾರ್ಡಿನ ಲೆಕ್ಕದಲ್ಲಿ ಐದಾಗುತ್ತದೆ. ಮೇಸ್ತ್ರಿಯದು ಬೆಳಗಿನ ಪಾಳಿ, ಎರಡು ಗಂಟೆಗೆ ಮನೆಗೆ. ಅವರು ಗೇಟು ದಾಟಿದ ಮೇಲೆ ಇಲ್ಲಿ ಏನು ನಡೆಯುತ್ತಿತ್ತೆಂದು ಅವರಿಗೆ ಗೊತ್ತಾಗಲಿಲ್ಲ.

ವರ್ಷಕ್ಕೊಮ್ಮೆ ಕಾರ್ಡಿನ ಬ್ಯಾಟರಿ ಬದಲಾಯಿಸಬೇಕು. ಆ ದಿನ ಬದಲಾಯಿಸಿ, ತೋರುಪರದೆಯಲ್ಲಿ ಎಲ್ಲ ಸರಿಯಿದೆಯೇ ಎಂದು ನೋಡುತ್ತಿದ್ದರು. ಕಾರ್ಡನ್ನು ಚೌಕಟ್ಟಿನಿಂದ ಎಳೆದು ಮತ್ತೆ ತಳ್ಳಿದಾಗಲೆಲ್ಲ ಏರುವ ಒಂದು ಎಣಿಕೆ ಇರುತ್ತದೆ. ಒಂದೋ ಎರಡೋ ಇರಬೇಕಾದ ಕಡೆ ಇನ್ನೂರ ಹದಿನಾಲ್ಕು.

ನಾನು ಸ್ಯಾಂಪಲ್ ಬಾಟಲಿ ತರಲು ಅದೇ ದಾರಿಯಲ್ಲಿ ಹೋಗುತ್ತಿದ್ದೆ. ಮೇಸ್ತ್ರಿ ಕಾರ್ಡಿನ ಹಿಡಿಕೆಗೆ ಮೂಗು ತಾಗಿಸಿಕೊಂಡು ನಿಂತಿದ್ದರು. ಸುಟ್ಟಿದೆಯಾ ಎಂದು ಕೇಳಿದೆ. ತಲೆ ಅಲ್ಲಾಡಿಸಿದರು.

"ಕರ್ಪೂರ," ಎಂದರು. ಆಮೇಲೆ ಮೂಲೆಯ ಮೋರಿಗೆ ಹೋಗಿ ವಾಂತಿ ಮಾಡಿದರು. ಮೂವತ್ತು ವರ್ಷ ಕೊಳೆತ ಮೂಳೆಯ ನಡುವೆ ಓಡಾಡಿದ ಮನುಷ್ಯ, ಒಂದು ದಿನವೂ ಮೂಗು ಮುಚ್ಚಿಕೊಂಡವರಲ್ಲ.

ಯಾರಿಗಾಗಿ ಒಂದೂವರೆ ವರ್ಷ ಕಣ್ಣು ಕೆಂಪಾಗಿಸಿಕೊಂಡರೋ ಅದೇ ಭಾವ, ಅದೇ ಸುಟ್ಟ ಕೈಯಲ್ಲಿ, ದಿನಾ ಊಟವಾದ ಮೇಲೆ ಕಾರ್ಡನ್ನು ಅರ್ಧ ಇಂಚು ಎಳೆದಿಡುತ್ತಿದ್ದ. ಕಡೆಯ ಹಂಡೆ ತೆರೆದ ಮೇಲೆ ತಳ್ಳಿಬಿಡುತ್ತಿದ್ದ. ತಂಡದ ಎಂಟೂ ಜನಕ್ಕೆ ಗೊತ್ತಿತ್ತು. ಮ್ಯಾನೇಜರಿಗೂ ಗೊತ್ತಿತ್ತು, ಕಂಡೂ ಕಾಣದಂತಿದ್ದ. ಇನ್ನೊಬ್ಬರಿಗೂ ಗೊತ್ತಿತ್ತು. ಮಧ್ಯಾಹ್ನದ ಸ್ಯಾಂಪಲ್ಲುಗಳು ಸರಿಯಾಗಿ ನಲವತ್ತು ನಿಮಿಷಕ್ಕೊಂದರಂತೆ, ಬಾಟಲಿ ಹಿಡಿಯಲಾಗದಷ್ಟು ಬಿಸಿಯಾಗಿ ನನ್ನ ಮೇಜಿಗೆ ಬರುತ್ತಿದ್ದವು. ಬಟ್ಟೆ ಸುತ್ತಿ ಹಿಡಿದು, ಸಮಯ ಬರೆದು, ಸಹಿ ಹಾಕಿ, ನಾಲ್ಕು ಹತ್ತರ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿಯುತ್ತಿದ್ದೆ. ನೆನೆದರೆ ನನ್ನ ಮೇಲೇ ನನಗೆ ಹೇಸಿಗೆಯಾಗುತ್ತದೆ.

ರಾತ್ರಿ ಊಟಕ್ಕೆ ಕೂತಾಗ ಮೇಸ್ತ್ರಿ ಸುತ್ತಿ ಬಳಸಿ ಕೇಳಿದ್ದರಂತೆ. "ಭಾವ, ಆ ಕಾರ್ಡನ್ನ ಯಾರೋ ಎಳೀತಿದಾರೆ. ನಿಮ್ಮ ಕಣ್ಣಿಗೇನಾದ್ರೂ ಬಿತ್ತಾ?"

ಭಾವ ತಟ್ಟೆಯಿಂದ ತಲೆ ಎತ್ತಲಿಲ್ಲವಂತೆ. "ಯಾರಿಗೆ ಗೊತ್ತಪ್ಪ. ಇಲಿಗಳ ಕಾಟ ಜಾಸ್ತಿ ಆಗಿದೆ."

ಮರುದಿನ ಮೇಸ್ತ್ರಿ ಹಳೆಯ ಕಂಟ್ರೋಲರಿನ ಆ ಒಂದು ಸಾಲನ್ನು ಅಳಿಸಿ ಬೇರೆ ಬರೆದರು: ಕಾರ್ಡು ಉತ್ತರ ಕೊಡದಿದ್ದರೆ ಬೀಗ ಬಿಡಬೇಡ. ಕದ್ದು ಮಾಡಲಿಲ್ಲ. ರಿಜಿಸ್ಟರಿನಲ್ಲಿ ದುಂಡಗೆ ಬರೆದು ಮ್ಯಾನೇಜರ್ ಮುಂದಿಟ್ಟರು. ಆತ ಫೋನಿನಲ್ಲಿ ಮಾತಾಡುತ್ತಲೇ ಓದದೆ ಸಹಿ ಹಾಕಿದ. ಅವನು ಎಂದಾದರೂ ಓದಿ ಸಹಿ ಹಾಕಿದವನೇ?

ಎರಡು ಗಂಟೆಗೆ ಮೇಸ್ತ್ರಿ ಮನೆಗೆ ಹೋದರು. ಎರಡೂ ಐದಕ್ಕೆ ಭಾವ ಕಾರ್ಡು ಎಳೆದ. ನಲವತ್ತು ನಿಮಿಷವಾಯಿತು, ನಾಲ್ಕನೆಯ ಹಂಡೆಯ ಬೀಗ ಬಿಡಲಿಲ್ಲ. ಗಾಬರಿಯಾಗಿ ಕಾರ್ಡನ್ನು ತಳ್ಳಿದ. ಕಾರ್ಡು ಎಚ್ಚೆತ್ತಿತು, ಆದರೆ ಈ ಹಂಡೆ ತಣಿಯುವುದನ್ನು ಅದು ಮೊದಲಿನಿಂದ ನೋಡಿರಲಿಲ್ಲ. ನೋಡದ್ದನ್ನು ಗೊತ್ತಿದೆ ಎನ್ನಲು ಮೇಸ್ತ್ರಿ ಅದಕ್ಕೆ ಕಲಿಸಿರಲಿಲ್ಲ. ಪೂರ್ತಿ ತಣ್ಣಗಾಗುವವರೆಗೆ, ಎಂದರೆ ಮರುದಿನದವರೆಗೆ, ಅದು ಬೀಗ ಬಿಡಲಿಲ್ಲ. ಅಷ್ಟರಲ್ಲಿ ಒಳಗಿನ ಅಂಟು, ಮೂಳೆ, ಕೊಬ್ಬು ಎಲ್ಲ ಸೇರಿ ಗಟ್ಟಿಯಾಗಿತ್ತು. ಎಂಟು ಜನ ಮೂಗಿಗೆ ಬಟ್ಟೆ ಕಟ್ಟಿಕೊಂಡು ಎರಡು ದಿನ ಸಲಾಕೆಯಲ್ಲಿ ಕೆತ್ತಿದರು. ಕಂದು ಬಣ್ಣದ ಲೋಳೆ, ಅದರೊಳಗೆ ಮೂಳೆ, ಮೇಲೆ ನೊಣ. ಬಕೆಟ್ಟುಗಟ್ಟಲೆ ನನ್ನ ಕಿಟಕಿಯ ಮುಂದೆಯೇ ಹೋಯಿತು.

ಮ್ಯಾನೇಜರ್ ಕೋಣೆಯಲ್ಲಿ ವಿಚಾರಣೆ. ಮೇಸ್ತ್ರಿ, ಭಾವ, ತಂಡದ ಇಬ್ಬರು, ಮತ್ತೆ ಸಾಕ್ಷಿಗೆಂದು ನಾನು.

"ಕಾರ್ಡು ಯಾರಾದ್ರೂ ಮುಟ್ಟಿದ್ರಾ?" ಎಂದು ಮ್ಯಾನೇಜರ್ ಕೇಳಿದ, ಏನೂ ಅರಿಯದ ಮಗುವಿನ ಮುಖ ಮಾಡಿಕೊಂಡು.

ಭಾವ ಸುಟ್ಟ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ. "ಯಾರೂ ಮುಟ್ಟಿಲ್ಲ ಸಾರ್. ನಿನ್ನೆ ಮೊನ್ನೆವರೆಗೂ ಚೆನ್ನಾಗೇ ಇತ್ತು. ಇವನೇ ಏನೋ ಕಿತಾಪತಿ ಮಾಡಿದಾನೆ. ಇವನ ಹುಚ್ಚಿಗೆ ನಾವೆಲ್ಲ ಸಾಯ್ಬೇಕು."

ಅಕ್ಕನ ಗಂಡ, ಒಂದೇ ಪಂಕ್ತಿಯಲ್ಲಿ ಉಣ್ಣುವವನು.

"ಮೇಡಂ, ನೀವೇನಾದ್ರೂ ಹೇಳೋದಿದೆಯಾ?"

ಒಂಬತ್ತು ತಿಂಗಳ ಸ್ಯಾಂಪಲ್ ಪುಸ್ತಕ ನನ್ನ ಕೈಯಲ್ಲೇ ಇತ್ತು. ಪ್ರತಿ ಮಧ್ಯಾಹ್ನದ ಸಮಯವೂ ನನ್ನದೇ ಅಕ್ಷರದಲ್ಲಿ. ತೆಗೆದು ತೋರಿಸಿದರೆ ನನ್ನ ಸಹಿಯೂ ಬಯಲಾಗುತ್ತದೆ. "ಇಲ್ಲ ಸಾರ್," ಎಂದೆ.

ಮೇಸ್ತ್ರಿ ಭಾವನ ಕಡೆಗೂ ನೋಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ. ಇನ್ನೂರ ಹದಿನಾಲ್ಕರ ಮಾತೆತ್ತಲಿಲ್ಲ. "ಕಾರ್ಡು ಸಡಿಲ ಆಗಿತ್ತು ಸಾರ್. ನಂದೇ ತಪ್ಪು. ಪ್ಯಾನೆಲ್ಲಿಗೆ ಬೀಗ ಹಾಕಿಸಿಬಿಡಿ, ಮತ್ತೆ ಅಲ್ಲಾಡಲ್ಲ."

ಯಾರೂ ಮುಟ್ಟಿಲ್ಲ ಎಂದು ಈಗಷ್ಟೇ ಹೇಳಿದವರು ಬೀಗ ಬೇಡ ಎನ್ನುವುದು ಹೇಗೆ? ಅಂದೇ ಸಂಜೆ ಪ್ಯಾನೆಲ್ಲಿಗೆ ಬೀಗ ಬಿತ್ತು. ಮೇಸ್ತ್ರಿಗೆ ಶಿಕ್ಷೆಯೆಂದು ಅವರನ್ನು ನೀರಿನ ಪಂಪಿನ ಶೆಡ್ಡಿಗೆ ಹಾಕಿದರು. ಅಲ್ಲಿ ಎರಡು ಮೋಟರು, ಒಂದು ಸ್ಟೂಲು, ಮೂಗಿಗೆ ಯಾವ ಕೆಲಸವೂ ಇಲ್ಲ. ಮನೆಯಲ್ಲಿ ಅಕ್ಕ ಮಾತು ಬಿಟ್ಟಳು. ಗಂಡ ತಡವಾಗಿ ಬರುವುದಕ್ಕೆ, ಎರಡು ದಿನ ಲೋಳೆ ಕೆತ್ತಿದ್ದಕ್ಕೆ, ಎಲ್ಲಕ್ಕೂ ತಮ್ಮನೇ ಕಾರಣ. ತಟ್ಟೆ ಮಹಡಿ ಮೆಟ್ಟಿಲ ಮೇಲೆ ಇಟ್ಟು ಹೋಗುತ್ತಿದ್ದಳಂತೆ.

ಪಂಪಿನ ಶೆಡ್ಡಿಗೆ ಹೋಗುವ ದಿನ ಮೇಸ್ತ್ರಿ ಪ್ರಯೋಗಾಲಯಕ್ಕೆ ಬಂದು ನನ್ನ ಮೇಜಿನ ಮೇಲೆ ಪ್ಯಾನೆಲ್ಲಿನ ಕೀಲಿ ಇಟ್ಟರು.

"ನಿಮ್ಮ ಹತ್ರ ಇರಲಿ ಮೇಡಮ್ಮ."

"ನನ್ನ ಹತ್ರ ಯಾಕೆ?"

"ನಿಮಗೆ ಗೊತ್ತಿತ್ತಲ್ವಾ?" ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಒಳ್ಳೆಯದಿತ್ತು. "ಬಾಟಲಿ ಬಿಸಿ ಇದ್ದದ್ದು ನಿಮ್ಮ ಕೈಗೆ ಗೊತ್ತಾಗದೆ ಇರತ್ತಾ? ಗೊತ್ತಿಲ್ಲದೋರ ಕೈಗೆ ಕೊಟ್ರೆ, ಯಾರಾದ್ರೂ ಕೇಳಿದ ಕೂಡ್ಲೇ ಕೊಟ್ಟುಬಿಡ್ತಾರೆ."

ಕೀಲಿಯನ್ನು ಬಿಳಿ ಕೋಟಿನ ಜೇಬಿಗೆ ಹಾಕಿಕೊಂಡೆ.

ಹೊಸ ತಿಂಗಳು ಹುಟ್ಟಿದಾಗ ಮೇಸ್ತ್ರಿ ಮುಲಾಮಿನ ಟ್ಯೂಬನ್ನು ನನ್ನ ಕೈಗೆ ಕೊಟ್ಟರು. ಮನೆಯಲ್ಲಿ ಕೊಟ್ಟರೆ ಅಕ್ಕ ತೆಗೆದುಕೊಳ್ಳುವುದಿಲ್ಲ, ಕೈ ಒಡೆಯುವ ಕಾಲ, ನೀವೇ ತಲುಪಿಸಿಬಿಡಿ ಎಂದರು. ಇಷ್ಟಾದ ಮೇಲೂ! ನನಗೆ ಅವರ ಮೇಲೂ ರೇಗಿತು.

ಮಧ್ಯಾಹ್ನ ಭಾವನೇ ಐದನೆಯ ಹಂಡೆಯ ಸ್ಯಾಂಪಲ್ ಹಿಡಿದು ಬಂದ. ಟ್ಯೂಬು ಕೊಟ್ಟೆ. ಯಾರು ಕಳಿಸಿದ್ದು ಎಂದು ಕೇಳಲಿಲ್ಲ. ಮುಚ್ಚಳ ಬಿಚ್ಚಿ, ಅಂಟಿದ ಬೆರಳಿಗೆ ಸವರಿಕೊಳ್ಳುತ್ತಾ ನನ್ನ ಮೇಜಿಗೆ ಒರಗಿದ. ಕರ್ಪೂರದ ವಾಸನೆ ಕೋಣೆ ತುಂಬಿತು. ಅಷ್ಟು ವರ್ಷದಲ್ಲಿ ನನಗೆ ಮೊದಲ ಸಲ ಅಲ್ಲಿ ವಾಕರಿಕೆ ಬಂದದ್ದು ಆ ಶುಭ್ರ ವಾಸನೆಗೆ.

"ಮೇಡಂ," ಎಂದ, ದನಿ ತಗ್ಗಿಸಿ. "ಆ ಕೀಲಿ ಎಲ್ಲಿಟ್ಟಿದಾನಂತೆ? ನಿಮ್ಮ ಹತ್ರ ಚೆನ್ನಾಗಿ ಮಾತಾಡ್ತಾನಲ್ಲ, ಸ್ವಲ್ಪ ಕೇಳಿ ನೋಡಿ. ಒಳಗೆ ಅವನು ಮಾಡಿರೋ ಕಿತಾಪತಿನ ಯಾರಿಂದಾದ್ರೂ ತೆಗೆಸಿಬಿಟ್ರೆ ಮತ್ತೆ ನಲವತ್ತೇ ನಿಮಿಷ. ನೀವೂ ಬಸ್ ಬಿಟ್ಟು ದಿನಾ ಒದ್ದಾಡ್ತಿದೀರಿ."

ಗಡಿಯಾರ ನೋಡಿದೆ. ನಾಲ್ಕಕ್ಕೆ ಎಂಟು ನಿಮಿಷ. ಆರನೆಯ ಹಂಡೆಯ ಆವಿ ಆಗ ತಾನೇ ನಿಲ್ಲಿಸಿದ್ದರು. ಕೀಲಿ ಜೇಬಿನಲ್ಲಿ ನನ್ನ ಕೈಗೆ ತಾಗುತ್ತಿತ್ತು. ಬಸ್ಸಿನ ಕಿಟಕಿ ಪಕ್ಕದ ಸೀಟು, ಬೇಗ ಸ್ನಾನ, ಬೇಗ ಊಟ ಎಲ್ಲ ನೆನಪಾಯಿತು. ನೆನಪಾಗಲಿಲ್ಲ ಎಂದು ಸುಳ್ಳು ಹೇಳಲಾರೆ.

"ನಂಗೊತ್ತಿಲ್ಲ," ಎಂದೆ. "ಮೇಜಿನಿಂದ ಕೈ ತೆಗೀರಿ, ಮುಲಾಮು ಅಂಟತ್ತೆ."

ಅವನು ಗೊಣಗುತ್ತಾ ಹೋದ. ಬಟ್ಟೆ ಒದ್ದೆ ಮಾಡಿ ಮೇಜನ್ನು ಎರಡು ಸಲ ಒರೆಸಿದೆ. ಆ ದಿನ ಆರನೆಯ ಹಂಡೆ ಐವತ್ತೆಂಟು ನಿಮಿಷ ತೆಗೆದುಕೊಂಡಿತು. ಸ್ಯಾಂಪಲ್ ಬಾಟಲಿಯನ್ನು ಬರಿಗೈಯಲ್ಲಿ ಹಿಡಿಯುವಂತಿತ್ತು.