ಎರಡು ಹಾಳೆಯ ಹೆಬ್ಬೆರಳು

ಜನ ಹಾವಿಗೆ ಹೆದರುತ್ತಾರೆ, ಡಾಕ್ಟರಿಗೆ ಹೆದರುತ್ತಾರೆ, ಬೆಳಗಿನ ಫಾಸ್ಟ್ ಲೋಕಲ್ ಟ್ರೇನಿಗೆ ಹೆದರುತ್ತಾರೆ. ನಾನು ನನ್ನ ಎಡಗೈ ಹೆಬ್ಬೆರಳಿಗೆ ಹೆದರುತ್ತೇನೆ. ನಗಬೇಡಿ, ಇದು ತಪ್ಪೊಪ್ಪಿಗೆ.

ಡೊಂಬಿವಲಿ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲೊಂದರ ಪಾರ್ಸೆಲ್ ಕೌಂಟರಿನಲ್ಲಿ ಮೂವತ್ತಾರು ವರ್ಷ ನಿಂತವನು ನಾನು. ಓದಿದ್ದು ಹತ್ತನೆಯವರೆಗೆ. ಬಲಗೈಯಲ್ಲಿ ಇಡ್ಲಿ ಎತ್ತುವ ಇಕ್ಕಳ; ಎಡಗೈ ಹೆಬ್ಬೆರಳನ್ನು ಒದ್ದೆ ಸ್ಪಂಜಿಗೆ ತಾಗಿಸಿ ಕಟ್ಟುವ ಕಾಗದದ ಹಾಳೆ ಎತ್ತಬೇಕು. ಒಂದಲ್ಲ, ಎರಡು. ಒಂದೇ ಹಾಳೆಯಲ್ಲಿ ಕಟ್ಟಿದರೆ ಚಟ್ನಿ ಕಲ್ಯಾಣ ಸ್ಟೇಷನ್ ಮುಟ್ಟುವ ಮೊದಲೇ ಗಿರಾಕಿಯ ಪ್ಯಾಂಟು ಮುಟ್ಟುತ್ತದೆ. ನೋಡದೆ, ಎಣಿಸದೆ, ಸರಿಯಾಗಿ ಎರಡು. ಆ ಬೆರಳು ಕಲಿತ ವಿದ್ಯೆ ಅದೊಂದೇ.

ಇಂಥವನ ಮಗಳು ಪಿಯಾನೊ ವಾದಕಿಯಾದಳು. ಹೆಸರಿಟ್ಟದ್ದು ಮಾತ್ರ ವೀಣಾ. ನಮ್ಮ ಬಿಲ್ಡಿಂಗಿನ ಕೆಳಮನೆಯಲ್ಲಿದ್ದ ಗೋವಾದ ಟೀಚರಮ್ಮ ಕಲಿಸಿದರು. ಈಗ ಖಾರಘರದಲ್ಲಿದ್ದಾಳೆ, ದಿನಕ್ಕೆ ಐದು ಗಂಟೆ ಅಭ್ಯಾಸ, ಊರೂರಿನಲ್ಲಿ ಕಛೇರಿ. ಪಿಟೀಲಿನವರು ತಮ್ಮ ವಾದ್ಯವನ್ನು ಹೆಗಲಿಗೇರಿಸಿ ಹೊರಡಬಹುದು. ಪಿಯಾನೊದವಳು ಹೋದಲ್ಲಿ ಸಿಕ್ಕಿದ್ದನ್ನೇ ನುಡಿಸಬೇಕು, ಅಪರಿಚಿತರ ಅಡುಗೆಮನೆ ಹೊಕ್ಕು ಅವರ ಕಾವಲಿಯ ಮೇಲೆ ದೋಸೆ ಹೊಯ್ದಂತೆ. ಆದರೆ ಅವಳ ಭಯ ಅದಲ್ಲ. ನಡುವೆ ತಲೆ ಖಾಲಿಯಾಗಿಬಿಟ್ಟರೆ ಎಂಬ ಭಯ. ಕಛೇರಿಯ ದಿನ, ನುಡಿಸಿ ಮುಗಿಯುವವರೆಗೆ ಒಂದು ತುತ್ತೂ ಇಳಿಯುವುದಿಲ್ಲ.

ಆ ಭಯವನ್ನು ಕೊಟ್ಟವನು ನಾನು.

ಆಗ ಅವಳಿಗೆ ಹದಿನಾಲ್ಕು. ಠಾಣೆ ಊರಿನ ಒಂದು ಸಭಾಂಗಣದಲ್ಲಿ ಮೊದಲ ಕಛೇರಿ. ನುಡಿಸುವವರ ಎರಡು ಕೈಗೂ ಬಿಡುವಿರುವುದಿಲ್ಲ. ಸ್ವರದ ಪುಸ್ತಕದ ಹಾಳೆ ತಿರುವಲು ಪಕ್ಕದಲ್ಲಿ ಒಬ್ಬರು ಕೂತಿರಬೇಕು. ಅವಳು ತಲೆಯಾಡಿಸಿದಾಗ ತಿರುವಬೇಕು, ಅಷ್ಟೆ. ಹಾಳೆಯ ಜೊತೆ ನನ್ನಷ್ಟು ಬಾಳಿದವರು ಯಾರು ಎಂಬ ಜಂಬದಲ್ಲಿ ನಾನೇ ಹೋಗಿ ಕೂತೆ. ಅವಳು ತಲೆಯಾಡಿಸಿದಳು. ಬೆರಳನ್ನು ನಾಲಿಗೆಗೆ ತಾಗಿಸಿ ತಿರುವಿದೆ.

ಎರಡು ಹಾಳೆ.

ಅವಳ ಕೈ ನಿಂತಿತು. ಗಾಬರಿಯಿಂದ ಅವಳು ತನ್ನ ಬೆರಳುಗಳನ್ನು ನೋಡುತ್ತಿದ್ದಾಗ ನಾನು ಒಂದು ಹಾಳೆಯನ್ನು ಮೆಲ್ಲನೆ ಹಿಂದಕ್ಕೆ ತಂದೆ. ಕಣ್ಣೆತ್ತಿದಾಗ ಎದುರಿಗೆ ಸರಿಯಾದ ಪುಟವೇ ಇತ್ತು. ಮರಳುವಾಗ ಟ್ರೇನಿನಲ್ಲಿ ಅತ್ತಳು. "ಪಪ್ಪಾ, ಮೇರಾ ದಿಮಾಗ್ ಬ್ಲ್ಯಾಂಕ್ ಹೋ ಗಯಾ."

"ಆಗ್ತದೆ ಮಗಾ, ಬೇಜಾರು ಮಾಡ್ಬೇಡ" ಎಂದೆ. ನನ್ನ ತಪ್ಪಿಗಾಗಿ ಅವಳನ್ನು ಕ್ಷಮಿಸಿದೆ! ಇದಕ್ಕಿಂತ ದೊಡ್ಡ ಅನ್ಯಾಯ ನಾನು ಬೇರೆ ಮಾಡಿಲ್ಲ.

ಅಲ್ಲಿಂದ ಅವಳು ಎಲ್ಲವನ್ನೂ ಬಾಯಿಪಾಠ ಮಾಡಿಯೇ ನುಡಿಸುತ್ತಿದ್ದಳು. ಕಳೆದ ತಿಂಗಳು ವಾಶಿಯಲ್ಲಿ ಒಬ್ಬ ಪಿಟೀಲುಗಾರನ ಜೊತೆ ಕಛೇರಿ; ಇಬ್ಬರೂ ಸೇರಿ ನುಡಿಸುವಾಗ ಪುಸ್ತಕ ಎದುರಿಗೆ ಇರಲೇಬೇಕಂತೆ. ಹಾಳೆ ತಿರುವಬೇಕಿದ್ದ ಶಿಷ್ಯೆಗೆ ಜ್ವರ. ಮಧ್ಯಾಹ್ನ ಫೋನ್ ಬಂತು. "ಪಪ್ಪಾ, ತುಮ್ ಆ ಜಾವೋ. ನಾನು ತಲೆ ಹಿಲಾತೀನಿ, ತುಮ್ ಪಲಟೋ. ಬಸ್."

"ಎಂತ ಮಾರಾಯ್ರೆ, ಮುಖ ಹೀಗೆ ಬಿಳಿಚಿದೆ? ಪಿಯಾನೊ ನೀವು ಬಾರಿಸುದಾ, ಅವಳು ಬಾರಿಸುದಾ?" ಎಂದಳು ಹೆಂಡತಿ. ಕಛೇರಿ ಮುಗಿದ ಮೇಲೆ ಮಗಳು ತಿನ್ನಲೆಂದು ಎಂದಿನಂತೆ ಇಡ್ಲಿ ಬೇಯಿಸಿದಳು; ನಾನು ಪಾರ್ಸೆಲ್ ಕಟ್ಟಿದೆ. ಬೆರಳು ತಾನಾಗಿ ಎರಡು ಹಾಳೆ ಎತ್ತಿತು.

ವಾಶಿ ತಲುಪುವವರೆಗೂ ಆ ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡೇ ಕೂತಿದ್ದೆ. ಹೇಳಿದರೆ ಕಛೇರಿಯ ಹೊತ್ತಿಗೆ ಅವಳ ಮನಸ್ಸು ಕೆಡುತ್ತದೆ. ಹೇಳದಿದ್ದರೆ ಬೆರಳು ಕೆಡಿಸುತ್ತದೆ, ಅವಳು ಮತ್ತೆ ತನ್ನ ತಲೆಯನ್ನೇ ದೂರುತ್ತಾಳೆ. ವೇದಿಕೆಯ ಹಿಂದಿನ ಕೋಣೆಯಲ್ಲಿ, ಇನ್ನು ಮುಕ್ಕಾಲು ಗಂಟೆ ಇರುವಾಗ, ನಿಂತಲ್ಲೇ ಎಲ್ಲ ಹೇಳಿಬಿಟ್ಟೆ.

ಅವಳು ಬೆರಳು ಮಡಚಿ ವರ್ಷ ಎಣಿಸಿದಳು. "ಬಾವೀಸ್ ಸಾಲ್, ಪಪ್ಪಾ. ಇಪ್ಪತ್ತೆರಡು ವರ್ಷ! ಪ್ರತಿ ಕಾನ್ಸರ್ಟ್‌ನಲ್ಲಿ ನಾನು ಆ ಬ್ಲ್ಯಾಂಕ್‌ನ ದಾರಿ ಕಾಯ್ತಿದ್ದೆ. ಔರ್ ತುಮ್ ಚುಪ್ ಥೇ?"

ಬೇರೆ ಯಾರನ್ನಾದರೂ ಕೂರಿಸು ಎಂದೆ. ಅವಳು ಪುಸ್ತಕ ತೆಗೆದು ಪ್ರತಿ ಹಾಳೆಯ ಮೇಲಿನ ಮೂಲೆಯನ್ನೂ ಮಡಚಿದಳು, ಒಂದೊಂದಕ್ಕೂ ಕಿವಿ ಮೂಡುವಂತೆ. ಒಂದನ್ನೇ ಹಿಡಿಯಲೆಂದು. ನನ್ನ ಹೆಬ್ಬೆರಳನ್ನು ತನ್ನ ಕರವಸ್ತ್ರದಿಂದ ಒರೆಸಿದಳು, ಮೆದುವಾಗಿಯೇನಲ್ಲ. "ಚಾಟನಾ ನಹೀ. ನಾಲಿಗೆ ಒಳಗೇ ಇರ್ಲಿ."

ಆಮೇಲೆ ಕೈಚಾಚಿದಳು. "ಇಡ್ಲಿ ಕೊಡಿ."

ಕಛೇರಿಗೆ ಮೊದಲೇ? ನನಗೆ ನಂಬಿಕೆಯಾಗಲಿಲ್ಲ. ಅವಳು ಪಾರ್ಸೆಲ್ಲನ್ನು ಮಡಿಲಲ್ಲಿಟ್ಟು ಹೊರಗಿನ ಹಾಳೆ ಬಿಡಿಸಿ ನನ್ನ ಮುಖಕ್ಕೆ ಹಿಡಿದಳು. "ಏಕ್." ಒಳಗಿನದನ್ನೂ ಬಿಡಿಸಿದಳು. "ದೋ. ಇಡ್ಲಿಗೆ ಮಾತ್ರ ದೋ. ಸಮ್ಝೆ?" ನಾಲ್ಕು ಇಡ್ಲಿ ತಿಂದು, ಕೈ ತೊಳೆದು, ವೇದಿಕೆಗೆ ನಡೆದಳು.

ಆ ಸಂಜೆ ಏನು ನುಡಿಸಿದಳೋ ನಾನು ಕೇಳಲಿಲ್ಲ. ನನಗೆ ಕಂಡದ್ದು ಕಿವಿಗಳು ಮಾತ್ರ. ಹತ್ತೊಂಬತ್ತು ಸಲ ಎದ್ದು, ಹತ್ತೊಂಬತ್ತು ಸಲ ಒಂದೊಂದೇ ತಿರುವಿ ಕೂತೆ. ಪ್ರತಿ ಸಲವೂ ಎರಡು ಬಂತೇನೋ ಎಂದು ಪುಟದ ಸಂಖ್ಯೆ ನೋಡಿದೆ. ಅವಳ ಕೈ ಒಮ್ಮೆಯೂ ನಿಲ್ಲಲಿಲ್ಲ. ಭಯ ಕೊನೆಗೂ ಅದರ ಯಜಮಾನನ ಮನೆಗೇ ಮರಳಿತ್ತು. ಈ ವಯಸ್ಸಿನಲ್ಲಿ ಅದನ್ನು ಸಾಕುವುದು ಕಷ್ಟ. ಆದರೂ ಹೊರಗೆ ಹಾಕಲಾರೆ. ಮುಂದಿನ ತಿಂಗಳೂ ಹಾಳೆ ತಿರುವಲು ನಾನೇ ಬರಬೇಕಂತೆ.