ಬಿಳಿ ಬಟ್ಟೆ ಹಿಡಿದವರು

ಘಟ್ಟದ ಮೇಲಿನಿಂದ ಇಳಿದು ಬಂದು ಮಂಗಳೂರಿನ ಹಂಪನಕಟ್ಟೆಯಲ್ಲಿ ಸ್ಟುಡಿಯೋ ತೆರೆದ ಮೊದಲ ವರ್ಷ ನಾನು ಕಲಿತ ಪಾಠಗಳಲ್ಲಿ ಕ್ಯಾಮೆರಾಕ್ಕೆ ಸಂಬಂಧಪಟ್ಟದ್ದು ಒಂದೂ ಇಲ್ಲ. ಕ್ಯಾಮೆರಾ ನನಗೆ ಗೊತ್ತಿತ್ತು. ಮದರಾಸಿನಲ್ಲಿ ಒಬ್ಬ ಮುಂಗೋಪಿಯ ಕೈಕೆಳಗೆ ಬೈಸಿಕೊಂಡು ಕಲಿತವನು ನಾನು. ಆತನ ವಿದ್ಯೆಯೂ ಬಂತು, ಕೋಪವೂ ಬಂತು. ಗೊತ್ತಿಲ್ಲದೆ ಇದ್ದದ್ದು ಈ ಊರು.

ಸ್ಟುಡಿಯೋ ಎಂದರೆ ಒಬ್ಬ ಬ್ಯಾರಿ ಸಾಹುಕಾರರ ಜವಳಿ ಅಂಗಡಿಯ ಮೇಲಿನ ಉಪ್ಪರಿಗೆ. ಆಗ ನಾವು ಫೋಟೋ ತೆಗೆಯುತ್ತಿದ್ದದ್ದು ಹಗಲಿನ ಬೆಳಕಿನಲ್ಲಿ. ಹಾಗಾಗಿ ಉತ್ತರದ ಕಡೆ ಮಾಡಿನ ಹಂಚು ತೆಗೆದು ಗಾಜು ಹಾಕಿಸುತ್ತೇನೆ ಎಂದು ಸಾಹುಕಾರರ ಅಪ್ಪಣೆ ಕೇಳಿದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ನೀವು ಇಲ್ಲಿಯ ಮಳೆಗಾಲ ನೋಡಿದ್ದೀರಾ?”

“ನಮ್ಮೂರಲ್ಲೂ ಮಳೆ ಬರುತ್ತೆ ಸ್ವಾಮಿ.”

“ಬರ್ತದೆ, ಬರ್ತದೆ. ಹಾಕಿ ಗಾಜು. ನಿಮಗೂ ಒಮ್ಮೆ ಗೊತ್ತಾಗ್ಲಿ ಮಾರಾಯ್ರೆ,” ಎಂದು ಹೊಟ್ಟೆ ಕುಲುಕಿಸಿ ನಕ್ಕರು. ಆ ನಗು ಯಾತಕ್ಕೆ ಎಂದು ನನಗೆ ತಿಳಿದದ್ದು ಜೂನ್ ತಿಂಗಳಲ್ಲಿ.

ಗಿರಾಕಿಗಳಿಗೇನೂ ಬರವಿರಲಿಲ್ಲ. ಮೊಳೆಗೆ ಒಂದು ಕರಿ ಕೋಟು ತೂಗುಹಾಕಿದ್ದೆ. ಕಚೇರಿಯ ಗುಮಾಸ್ತರು, ಶಾಲೆಯ ಮಾಸ್ತರರು, ಬಸ್ಸಿನ ಡ್ರೈವರು, ಎಲ್ಲರಿಗೂ ಅದೇ ಕೋಟು. ದಪ್ಪಗಿದ್ದವರಿಗಾಗಿ ಬೆನ್ನಿನ ಹೊಲಿಗೆ ಬಿಚ್ಚಿಟ್ಟಿದ್ದೆ, ತೆಳ್ಳಗಿದ್ದವರಿಗೆ ಹಿಂದಿನಿಂದ ಪಿನ್ನು. ಹೊಟ್ಟೆಯ ಮುಂದೆ ಕೋಟು, ಬೆನ್ನ ಹಿಂದೆ ಬನಿಯನ್. ಫೋಟೋದಲ್ಲಿ ಬೆನ್ನು ಯಾರಿಗೆ ಬೇಕು? ಆ ವರ್ಷ ಮಂಗಳೂರಿನ ಮದುವೆಯ ಗಂಡುಗಳೆಲ್ಲ ಅದರೊಳಗೆ ಒಂದು ಸಲ ಹೊಕ್ಕು ಹೊರಬಂದವರೇ. ಫಳ್ನೀರಿನ ಕಡೆಯ ಹಿರಿಯರೊಬ್ಬರು ತಮ್ಮ ಮಗಳಿಗೆ ಬಂದ ಎರಡು ಗಂಡುಗಳ ಫೋಟೋ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದು, “ಈ ಇಬ್ಬರೂ ಒಂದೇ ಮನೆಯವರಾ? ಕೋಟು ಹಂಚಿಕೊಂಡು ಹಾಕುವಷ್ಟು ಬಡತನ ಉಂಟಾ?” ಎಂದು ವಿಚಾರಿಸಿದ್ದರು. ಕೋಟು ನನ್ನದು ಎಂದಾಗ ಅವರಿಗೆ ದೊಡ್ಡ ಸಮಾಧಾನವಾಯಿತು.

ನನ್ನ ಸಿಟ್ಟು ಏರುತ್ತಿದ್ದದ್ದು ಮನೆಮಂದಿಯ ಗುಂಪಿನ ಫೋಟೋ ತೆಗೆಯುವಾಗ. ಒಬ್ಬರು ಕಣ್ಣು ಮುಚ್ಚುವರು, ಇನ್ನೊಬ್ಬರು ಸೀನುವರು, ಮಗು ಕಿರುಚುವುದು. ಅದಕ್ಕೇ ನಾನು ಯಾರನ್ನೂ ಏನನ್ನೂ ಕೇಳುವ ಗೋಜಿಗೆ ಹೋಗುತ್ತಿರಲಿಲ್ಲ. ನನ್ನ ತಲೆಯಲ್ಲಿ ಒಂದು ಅಚ್ಚು ಇತ್ತು: ನಡುವಿನ ದೊಡ್ಡ ಕುರ್ಚಿಯಲ್ಲಿ ಅಪ್ಪ, ಪಕ್ಕದ ಸಣ್ಣ ಕುರ್ಚಿಯಲ್ಲಿ ಅಮ್ಮ, ಸುತ್ತ ಮಕ್ಕಳು. ಹೆಗಲು ಹಿಡಿದು ತಂದು ಕೂರಿಸಿಬಿಡುತ್ತಿದ್ದೆ. ಅದುವರೆಗೆ ಬಂದಿದ್ದ ಕೊಂಕಣಿಗರೂ ಕ್ರಿಶ್ಚಿಯನ್ನರೂ ತಕರಾರು ಹೇಳಿರಲಿಲ್ಲ.

ಗಾಜಿನ ಮಾಡಿನಿಂದ ಬೆಳಕು ಒಂದೇ ಕಡೆಗೆ ಬೀಳುತ್ತಿತ್ತು, ಮುಖದ ಇನ್ನರ್ಧ ಕಪ್ಪಾಗುತ್ತಿತ್ತು. ಅದಕ್ಕೆ ಮರದ ಚೌಕಟ್ಟಿಗೆ ಬಿಗಿದ ಒಂದು ಬಿಳಿ ಬಟ್ಟೆಯನ್ನು ಬಂದವರ ಜೊತೆಯವರಲ್ಲೇ ಒಬ್ಬರ ಕೈಗೆ ಕೊಟ್ಟು ಆ ಬದಿಗೆ ನಿಲ್ಲಿಸುತ್ತಿದ್ದೆ. ಬೆಳಕು ಬಟ್ಟೆಗೆ ಬಡಿದು ಮುಖಕ್ಕೆ ವಾಪಸು ಬರುತ್ತಿತ್ತು. ಹಿಡಿದವರು ಫೋಟೋದಲ್ಲಿ ಬರಬಾರದಲ್ಲ, ಹಾಗಾಗಿ ನೆಲದ ಮೇಲೆ ಸೀಮೆಸುಣ್ಣದ ಒಂದು ಗೆರೆ ಎಳೆದಿದ್ದೆ. “ಗೆರೆ ದಾಟಬೇಡಿ” ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗುತ್ತಿತ್ತು.

ಅದು ಯುದ್ಧದ ಕಾಲ. ವಿಲಾಯಿತಿಯಿಂದ ಬರಬೇಕಾದ ಗಾಜಿನ ಪ್ಲೇಟುಗಳು ಮದರಾಸಿಗೇ ಸರಿಯಾಗಿ ಬರುತ್ತಿರಲಿಲ್ಲ, ಇನ್ನು ನನಗೆಲ್ಲಿ? ಒಂದು ಮನೆಗೆ ಒಂದೇ ಪ್ಲೇಟು ಎಂದು ಬೋರ್ಡು ಬರೆದು ಬಾಗಿಲಿಗೆ ಹಾಕಿದೆ. ಕಲೆಕ್ಟರರೇ ಬಂದರೂ ಎರಡನೆಯದು ಇಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ಮೇ ತಿಂಗಳ ಒಂದು ಬೆಳಿಗ್ಗೆ, ಆಗೆಲ್ಲ ಗದ್ದೆಯೇ ಇದ್ದ ಕೊಟ್ಟಾರದ ಕಡೆಯಿಂದ ನಡುವಯಸ್ಸಿನವರೊಬ್ಬರು ಕೊಡೆ ಹಿಡಿದುಕೊಂಡು ಬಂದರು. ಮೆಲುಮಾತಿನ ಮನುಷ್ಯ. ಮಗಳಿಗೆ ಮದುವೆಯಾಗಿತ್ತು, ಗಂಡ ಬೊಂಬಾಯಿಯ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಮಳೆ ಹಿಡಿದರೆ ಹಡಗು ನಿಲ್ಲುತ್ತದೆ, ಹಾಗಾಗಿ ಅದಕ್ಕೆ ಮೊದಲೇ ಹುಡುಗಿ ಹೊರಡುವವಳಿದ್ದಳು. ಅವಳು ಹೋಗುವ ಮುಂಚೆ ಮನೆಯವರೆಲ್ಲರ ಒಂದು ಫೋಟೋ ಆಗಬೇಕಿತ್ತು. ದಿನ ಗೊತ್ತುಮಾಡಿ ಬಾಗಿಲವರೆಗೆ ಹೋದವರು ತಿರುಗಿ ಬಂದರು.

“ಅವಳೊಟ್ಟಿಗೆ ನಂದೊಂದು ಫೋಟೋ ಆಗ್ತದಾ? ಇಷ್ಟರವರೆಗೆ ಒಂದೂ ಇಲ್ಲ. ಇನ್ನು ಅವಳು ಬರುದು ಯಾವಾಗಲೋ. ಯುದ್ಧ ಬೇರೆ.”

ನಾನು ಬೋರ್ಡು ತೋರಿಸಿದೆ. “ಅದಕ್ಕೆ ಬೇರೆ ಪ್ಲೇಟು ಯಾಕೆ ಸ್ವಾಮಿ? ನೀವು ಹುಡುಗಿಯ ತಂದೆ. ನಡುವಿನ ಕುರ್ಚಿಯೇ ನಿಮ್ಮದು!”

ಅವರು ನನ್ನ ಮುಖ ನೋಡಿದರು, ಆಮೇಲೆ ಕುರ್ಚಿ ನೋಡಿದರು. “ಹಾಗಾ?” ಎಂದು ಸಣ್ಣಗೆ ನಕ್ಕು, “ನೋಡುವ,” ಎಂದು ಕೊಡೆ ಬಿಡಿಸಿಕೊಂಡು ಹೊರಟುಹೋದರು. ಆಗಲೇ ಬಿಡಿಸಿ ಹೇಳಬಹುದಿತ್ತು ಮಹಾರಾಯರು. ಘಟ್ಟದ ಮೇಲಿನವನ ದಡ್ಡತನದಿಂದಲಾದರೂ ಒಂದು ಸಲ ಆ ಜಾಗ ಸಿಕ್ಕಲಿ ಎಂದುಕೊಂಡರೋ ಏನೋ.

ಹೇಳಿದ ದಿನ ಮನೆಯವರೆಲ್ಲ ಬಂದರು. ಮೊದಲು ಅಜ್ಜಿ, ಅವರ ಹಿಂದೆ ಅವರ ಹೆಣ್ಣುಮಕ್ಕಳು, ಮೊಮ್ಮಕ್ಕಳು, ಹೊಸ ಕರಿಮಣಿಯ ಹುಡುಗಿ. ಜೊತೆಗೆ ಜರಿ ಶಾಲು ಹೊದ್ದ, ಗಿರಿಜಾ ಮೀಸೆಯ ಎತ್ತರದ ಒಬ್ಬರು, ಹುಡುಗಿಯ ಸೋದರಮಾವ. ಎಲ್ಲರಿಗಿಂತ ಕೊನೆಗೆ, ಎಲ್ಲರ ಕೊಡೆಗಳನ್ನೂ ಕಂಕುಳಲ್ಲಿ ಇರುಕಿಕೊಂಡು, ಹುಡುಗಿಯ ಅಪ್ಪ. ನಾನು ಎಂದಿನಂತೆ ಅವರ ಹೆಗಲು ಹಿಡಿದು ತಂದು ದೊಡ್ಡ ಕುರ್ಚಿಯಲ್ಲಿ ಕೂರಿಸಿದೆ. ಮಾವನಿಗೆ, “ನೀವು ಎತ್ತರ ಇದ್ದೀರಿ, ಹಿಂದೆ ಹೋಗಿ ಬಾಗಿಲ ಕಡೆಗೆ ನಿಂತುಕೊಳ್ಳಿ,” ಎಂದೆ.

“ಉಂದು ದಾದ?” ಎಂದರು ಅಜ್ಜಿ. ಇದೇನು ಎಂದರ್ಥ ಎನ್ನುವಷ್ಟು ತುಳು ನನಗೆ ಬರುತ್ತಿತ್ತು. ಮಾವ ಶಾಲು ಸರಿಮಾಡಿಕೊಂಡು ಮೆಟ್ಟಿಲ ಕಡೆಗೆ ನಡೆದರು. ನನಗೆ ರೇಗಿತು.

“ಏನ್ರೀ ಇದು? ತಂದೆ ತಂದೆಯ ಜಾಗದಲ್ಲಿ ಕೂತರೆ ಯಾರ ಗಂಟು ಹೋಯಿತು?”

ನನ್ನ ಕೂಗು ಕೇಳಿ ಕೆಳಗಿನಿಂದ ಸಾಹುಕಾರರು ಗಜದ ಕೋಲು ಹಿಡಿದುಕೊಂಡೇ ಓಡಿ ಬಂದರು. ಕುರ್ಚಿ ನೋಡಿದ ಕೂಡಲೇ ಅವರಿಗೆ ಎಲ್ಲ ಅರ್ಥವಾಯಿತು. ನನ್ನನ್ನು ಮೂಲೆಗೆ ಎಳೆದರು.

“ಎಂತ ಮಾರಾಯ್ರೆ ನಿಮ್ಮದು! ಅವರದ್ದು ಅಳಿಯಕಟ್ಟು. ಮನೆ ಹೋಗುದು ತಾಯಿಯಿಂದ ಮಗಳಿಗೆ. ಯಜಮಾನ ಅಂದ್ರೆ ಆ ಅಜ್ಜಿಯ ಮಗ, ಮಕ್ಕಳ ಸೋದರಮಾವ. ಅಪ್ಪ ಆ ಮನೆಯವರೇ ಅಲ್ಲ, ಅವರ ಮನೆ ಅವರ ತಾಯಿಯದ್ದು. ನೀವು ನೆಂಟರನ್ನು ತಂದು ಯಜಮಾನರ ಕುರ್ಚಿಯಲ್ಲಿ ಕೂತ್ಕೊಳ್ಳಿಸಿದ್ದೀರಿ, ಯಜಮಾನರನ್ನು ಬಾಗಿಲು ಕಾಯ್ಲಿಕ್ಕೆ ಕಳಿಸಿದ್ದೀರಿ!”

“ಹಾಗಾದರೆ ತಂದೆ ಎಲ್ಲಿ ನಿಲ್ಲಬೇಕು?”

“ಅವರ ತಾಯಿಮನೆಯ ಫೋಟೋದಲ್ಲಿ.”

ನನ್ನ ಮುಖ ಹುಳ್ಳಗಾಯಿತು. ಅಷ್ಟರಲ್ಲಿ ಅಪ್ಪ ತಾವೇ ಎದ್ದು, ಹೆಗಲ ಮೇಲಿನ ಬೈರಾಸಿನಿಂದ ಕುರ್ಚಿ ಒರೆಸುತ್ತಿದ್ದರು. “ಬನ್ನಿ ಭಾವ, ಬನ್ನಿ. ಅವರು ಘಟ್ಟದವರು, ಅವರಿಗೆಂತ ಗೊತ್ತು? ನಾನು ಸುಮ್ಮನೆ ಕೂತು ನೋಡಿದೆ. ಒಳ್ಳೆ ಮೆತ್ತಗೆ ಉಂಟು,” ಎಂದು ನಕ್ಕರು. ಮಕ್ಕಳು ನಕ್ಕವು, ಅಜ್ಜಿಯ ಮುಖ ಸಡಿಲವಾಯಿತು, ಮಾವ ಮೀಸೆಯ ಮೇಲೆ ಕೈಯಾಡಿಸಿಕೊಂಡು ಬಂದು ಕೂತರು. ನಗದೆ ಇದ್ದದ್ದು ಆ ಹುಡುಗಿ ಮಾತ್ರ. ಅವಳಿಗೆ ಅಪ್ಪನ ನಗು ಎಂಥದ್ದೆಂದು ಗೊತ್ತಿತ್ತು ಅಂತ ಕಾಣುತ್ತದೆ.

“ಇನ್ನು ನಾನೆಂತ ಮಾಡ್ಬೇಕು?” ಎಂದು ಕೇಳಿದರು ಅವರು. ನಡುವಿನ ಕುರ್ಚಿ ಕೊಡುತ್ತೇನೆಂದು ಬೊಗಳೆ ಬಿಟ್ಟಿದ್ದವನಿಗೆ ಕೊಡಲು ಉಳಿದಿದ್ದದ್ದು ಆ ಬಿಳಿ ಬಟ್ಟೆಯೊಂದೇ. ಚೌಕಟ್ಟನ್ನು ಅವರ ಕೈಗೆ ಕೊಟ್ಟು, ಹುಡುಗಿಯ ಬದಿಗೆ ನಿಲ್ಲಿಸಿ, “ಗೆರೆ ದಾಟಬೇಡಿ,” ಎಂದೆ. ಅಭ್ಯಾಸದ ಮಾತು, ಬಾಯಿಗೆ ಬಂದುಬಿಟ್ಟಿತು.

ಕರಿ ಮುಸುಕಿನೊಳಗೆ ತಲೆ ತೂರಿಸಿ ನೋಡಿದೆ. ಎಲ್ಲ ಸರಿಯಾಗಿತ್ತು. ಆದರೆ ನಮ್ಮ ಆ ಕ್ಯಾಮೆರಾಗಳಲ್ಲಿ ಪ್ಲೇಟು ಒಳಗೆ ತಳ್ಳಿದ ಮೇಲೆ ಚಿತ್ರ ಕಾಣುವುದಿಲ್ಲ. ಅಲ್ಲಿಂದ ಮುಂದೆ ದೇವರ ಮೇಲೆ ಭಾರ. “ಯಾರೂ ಅಲ್ಲಾಡಬಾರದು!” ಎಂದು ಗುಡುಗಿ, ಕ್ಯಾಮೆರಾದ ಕಣ್ಣಿನ ಮುಚ್ಚಳ ತೆಗೆದೆ. ಆಗಲೇ ಆ ಬದಿಯಿಂದ ಮೆಲ್ಲಗೆ ಒಂದು ಮಾತು ಬಂತು.

“ಇಂಚಿ ತೂಲ ಮಗಾ.” ಇತ್ತ ನೋಡು ಮಗಾ.

ಮುಚ್ಚಳ ಹಾಕಿದೆ. ಇದ್ದ ಒಂದು ಪ್ಲೇಟೂ ಹಾಳಾಯಿತು ಎಂದು ಹಲ್ಲು ಕಡಿದೆ. ಸಾಹುಕಾರರು ಅಲ್ಲಿಯೇ ನಿಂತಿದ್ದರಿಂದ ಬಾಯಿ ಮುಚ್ಚಿಕೊಂಡೆ.

ಕತ್ತಲೆ ಕೋಣೆಯ ಕೆಂಪು ದೀಪದಲ್ಲಿ ಪ್ಲೇಟು ತೊಳೆದು ನೋಡಿದಾಗ ಮೊದಲು ಸಿಟ್ಟೇ ಬಂತು. ಅಜ್ಜಿ, ಮಾವ, ಮಕ್ಕಳೆಲ್ಲ ಕಲ್ಲಿನಂತೆ ಕ್ಯಾಮೆರಾ ನೋಡುತ್ತಿದ್ದಾರೆ. ಹುಡುಗಿ ಮಾತ್ರ ಬದಿಗೆ ಕಣ್ಣು ತಿರುಗಿಸಿದ್ದಾಳೆ. ಅಂಚಿನಲ್ಲಿ ಬಟ್ಟೆಯ ಚೌಕಟ್ಟು, ಅದನ್ನು ಹಿಡಿದ ಬೆರಳುಗಳು, ಅದರ ಹಿಂದಿನಿಂದ ಇಣುಕಿದ ಅಪ್ಪನ ಅರ್ಧ ಮುಖ. ಮನುಷ್ಯ ಗೆರೆ ದಾಟಿದ್ದರು! “ಹೇಳಿರಲಿಲ್ಲವೇ ನಾನು!” ಎಂದು ಒಬ್ಬನೇ ಕೂಗಿದೆ. ಆಮೇಲೆ ಇನ್ನೊಮ್ಮೆ ನೋಡಿದೆ. ಹುಡುಗಿ ನಗುತ್ತಿದ್ದಳು. ನನ್ನ ಸ್ಟುಡಿಯೋದಲ್ಲಿ ಅದುವರೆಗೆ ಯಾರೂ ಹಾಗೆ ನಕ್ಕಿರಲಿಲ್ಲ. ಅವಳ ಮುಖದ ಮೇಲಿದ್ದ ಬೆಳಕೂ ಆ ಕೈಯೇ ಹಿಡಿದದ್ದು. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ.

ಫೋಟೋದ ಅಂಚು ಕತ್ತರಿಸಿ ರಟ್ಟಿಗೆ ಅಂಟಿಸುವುದು ನಮ್ಮ ಕ್ರಮ. ಆ ಪ್ಲೇಟಿನಿಂದ ಮಾಡಿದ ಮೂರು ಪ್ರತಿಗಳನ್ನೂ ಕತ್ತರಿಸದೆ ಇಟ್ಟೆ. ತೆಗೆದುಕೊಂಡು ಹೋಗಲು ಬಂದವರು ಮಾವ. ಹಡಗು ಮರುದಿನವೇ ಇತ್ತು. ಮನುಷ್ಯ ಒಮ್ಮೆ ಸಿಟ್ಟಾಗಿ ಮೆಟ್ಟಿಲು ಇಳಿಯಲು ಹೊರಟಿದ್ದವರು. ಫೋಟೋಗಳನ್ನು ಮೇಜಿನ ಮೇಲಿಟ್ಟು, ಚೂರಿ ಪಕ್ಕದಲ್ಲಿಟ್ಟು, “ಅಂಚು ಕತ್ತರಿಸಿದರೆ ಅವರು ಹೋಗುತ್ತಾರೆ. ನೀವು ಹೇಳಿದಂತೆ,” ಎಂದೆ.

ಅವರು ಬಗ್ಗಿ ನೋಡಿದರು.

“ಹುಡುಗಿ ನಗ್ತಾಳೆ,” ಎಂದರು.

“ಹೌದು.”

“ಗೋಡೆಗೆ ಹಾಕುದನ್ನು ಕತ್ತರಿಸಿ. ಅಮ್ಮ ನೋಡ್ತಾರೆ.” ಉಳಿದೆರಡನ್ನು ತಾವೇ ಕಾಗದದಲ್ಲಿ ಸುತ್ತಿದರು. “ಇದು ಅವಳ ಪೆಟ್ಟಿಗೆಗೆ. ಇದು ಭಾವನಿಗೆ. ಇದಕ್ಕೆ ಚೂರಿ ಮುಟ್ಟಿಸ್ಬೇಡಿ.” ಮೆಟ್ಟಿಲ ಹತ್ತಿರ ನಿಂತು, ನನ್ನ ಕಡೆ ತಿರುಗದೆ ಹೇಳಿದರು: “ನನಗೂ ಮಕ್ಕಳಿದ್ದಾರೆ ಮಾರಾಯ್ರೆ. ಹೆಂಡತಿಯ ಮನೆಯಲ್ಲಿ.”

ಆಮೇಲೆ ಮಳೆ ಬಂತು. ಗಾಜು ಸೋರಿತು, ಕೋಟಿಗೆ ಬೂಸ್ಟು ಹಿಡಿಯಿತು, ಮಟಮಟ ಮಧ್ಯಾಹ್ನ ಎದುರಿಗಿದ್ದವರ ಮೂಗು ಕಾಣಿಸದ ಕತ್ತಲೆ. ಉಪ್ಪರಿಗೆಯಲ್ಲಿ ಪಾತ್ರೆಗಳನ್ನಿಟ್ಟು ನಾನು ಕೆಳಗಿನ ಅಂಗಡಿಯಲ್ಲಿ ಸಾಹುಕಾರರ ಬಟ್ಟೆ ಅಳೆಯುತ್ತ ಕೂತೆ. “ನಿಮ್ಮ ಊರಿನಲ್ಲೂ ಮಳೆ ಬರ್ತದಲ್ಲ?” ಎಂದು ಅವರು ದಿನಾ ಕೇಳುವರು. ನಾನು ದಿನಾ ಉರಿದುಕೊಳ್ಳುವೆ. ಆ ಬಿಡುವಿನಲ್ಲೇ ಅವರಿಂದ ಯಾವ ಮನೆಯಲ್ಲಿ ಯಾರು ಕುರ್ಚಿಯಲ್ಲಿ ಕೂರುತ್ತಾರೆ ಎಂಬುದನ್ನೆಲ್ಲ ಕಲಿತುಕೊಂಡೆ.

ದೀಪಾವಳಿ ಕಳೆದು ಬೆಳಕು ಮರಳಿದ ಮೇಲೆ ಇನ್ನೊಂದು ಮನೆಯವರು ಬಂದರು. ಈಗ ನಾನು ಜಾಣ. “ಯಜಮಾನರು ಯಾರು?” ಎಂದು ಮೊದಲೇ ಕೇಳಿದೆ. ಅಜ್ಜಿ ತಮ್ಮ ಮಗನನ್ನು ತೋರಿಸಿದರು; ಅವರನ್ನು ದೊಡ್ಡ ಕುರ್ಚಿಯಲ್ಲಿ ಕೂರಿಸಿ, ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದೆ. ಕೊನೆಗೆ ಕೊಡೆಗಳನ್ನು ಹೊತ್ತುಕೊಂಡು ಒಬ್ಬರು ಮೆಟ್ಟಿಲು ಹತ್ತಿ ಬಂದರು. ಎತ್ತರದ ಆಳು, ಗಿರಿಜಾ ಮೀಸೆ. ಮೇ ತಿಂಗಳಲ್ಲಿ ಅದೇ ಕುರ್ಚಿಯಲ್ಲಿ ಕೂತಿದ್ದ ಕೊಟ್ಟಾರದ ಮಾವ. ಸಣ್ಣದೊಂದು ಹುಡುಗಿ ಓಡಿಹೋಗಿ ಅವರ ಬೆರಳು ಹಿಡಿಯಿತು. ಅಜ್ಜಿ ಕರೆದರು; ಬೆರಳು ಬಿಟ್ಟು ತನ್ನ ಜಾಗಕ್ಕೆ ಬಂದು ನಿಂತಿತು.

ಅವರಿಗೆ ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳಲಿಲ್ಲ. ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಕೊಡೆಗಳನ್ನು ಗೋಡೆಗೆ ಒರಗಿಸಿ, ಜರಿ ಶಾಲು ಮಡಚಿಟ್ಟು, ನಾನು ಕೇಳುವ ಮೊದಲೇ ಬಿಳಿ ಬಟ್ಟೆ ಎತ್ತಿಕೊಂಡು ಆ ಸಣ್ಣ ಹುಡುಗಿಯ ಬದಿಗೆ ಹೋಗಿ ಗೆರೆಯ ಆಚೆ ನಿಂತರು.

ಮುಸುಕಿನೊಳಗಿನಿಂದ ಹೊರಬಂದು ನಾನು ಆ ಕಡೆ ಹೋದೆ. ಬಟ್ಟೆ ಸರಿಮಾಡುವ ನೆವದಲ್ಲಿ ನೆಲದ ಸೀಮೆಸುಣ್ಣವನ್ನು ಕಾಲಿನಿಂದ ಒರೆಸಿದೆ. ಪ್ಲೇಟು ಒಳಗೆ ತಳ್ಳಿ, ಮುಚ್ಚಳಕ್ಕೆ ಕೈ ಹಾಕಿ, “ತೆಗೆಯಲೇ?” ಎಂದು ಕೇಳಿದೆ.

“ಇರಿ,” ಎಂದರು. ಒಂದು ಹೆಜ್ಜೆ ಈಚೆ ಬಂದು, ಬಗ್ಗಿ, ಚೌಕಟ್ಟಿನ ಹಿಂದಿನಿಂದ ಮಗಳನ್ನು ನೋಡಿದರು.

“ಹ್ಞಾಂ. ಈಗ ತೆಗೀರಿ.”